ದೇಶಕ್ಕೆಲ್ಲ ಒಂದೇ ಪೊಲೀಸ್: ಬೇಡಿಕೆ ಹುಟ್ಟಿದ್ದೆಲ್ಲಿ, ಸಿಕ್ಕಿಕೊಂಡಿದ್ದೆಲ್ಲಿ

ಸೊಲ್ಲಾಪುರ ಬಿಟ್ಟ ರೈಲು ಕಲಬುರಗಿ ಮುಟ್ಟುವಷ್ಟರಲ್ಲಿ ಸೀಟಿನಡಿಯ ಬ್ಯಾಗ್ ಮಾಯವಾಗಿದೆ ಎಂದುಕೊಳ್ಳಿ. ಮೊದಲು ಕಣ್ಣಿಗೆ ಬೀಳುವವರು ಆರ್‌ಪಿಎಫ್ ಸಿಬ್ಬಂದಿ. ಅವರು ಕೇಂದ್ರದವರು, ರೈಲ್ವೆ ಆಸ್ತಿ ಕಾಯುವುದು ಅವರ ಮೂಲ ಕೆಲಸ. ಪ್ರಯಾಣಿಕರ ಸಾಮಾನು ಕಳುವಾದರೆ ಕೇಸು ಹಾಕಬೇಕಾದವರು ಆಯಾ ರಾಜ್ಯದ ರೈಲ್ವೆ ಪೊಲೀಸರು. ಕಳುವಾದದ್ದು ಮಹಾರಾಷ್ಟ್ರದಲ್ಲೋ ಕರ್ನಾಟಕದಲ್ಲೋ ಎಂಬುದು ನಿದ್ದೆಯಲ್ಲಿದ್ದವರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕು ಎಂದು ಕಾನೂನೂ ಕೇಳುವುದಿಲ್ಲ. ಪ್ರಯಾಣದ ನಡುವೆ ಆದ ಅಪರಾಧವನ್ನು ಆ ದಾರಿಯಲ್ಲಿ ಬರುವ ಯಾವ ನ್ಯಾಯಾಲಯವಾದರೂ ವಿಚಾರಣೆ ಮಾಡಬಹುದು. ಆದರೂ ‘ಅದು ನಮ್ಮ ಸರಹದ್ದಿಗೆ ಬರಲ್ಲ’ ಎಂಬ ಉತ್ತರ ಹೊಸದೇನಲ್ಲ. ದೇಶಕ್ಕೆಲ್ಲ ಒಂದೇ ಪೊಲೀಸ್ ಯಾಕಿರಬಾರದು ಎಂಬ ಪ್ರಶ್ನೆ ಏಳುವುದು ಇಂಥ ಹೊತ್ತಿನಲ್ಲೇ.

ಬ್ರಿಟಿಷರು 1861ರ ಪೊಲೀಸ್ ಕಾಯ್ದೆಯಡಿ ಪ್ರಾಂತ್ಯಕ್ಕೊಂದು ಪಡೆ ಕಟ್ಟಿದರು, 1935ರ ಕಾಯ್ದೆ ಅದನ್ನು ಪ್ರಾಂತ್ಯ ಸರ್ಕಾರಗಳಿಗೆ ಒಪ್ಪಿಸಿತು, ಸಂವಿಧಾನ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 2ನೇ ನಮೂದಾಗಿ ಅದನ್ನೇ ಮುಂದುವರಿಸಿತು. ಬಂಧನ, ತನಿಖೆ, ವಿಚಾರಣೆಗಳ ನಿಯಮವಾದ ದಂಡ ಪ್ರಕ್ರಿಯೆ ಮಾತ್ರ, ಕೇಂದ್ರ ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ ಕೂತಿತು. ಹೀಗಾಗಿ ಬಂಧಿಸುವ ವಿಧಾನ ದೇಶಕ್ಕೆಲ್ಲ ಒಂದೇ, ಬಂಧಿಸುವ ಕೈಗಳು ಬೇರೆ ಬೇರೆ. ಎರಡನ್ನೂ ಹೊಲಿದ ದಾರ ಐಪಿಎಸ್. ಕೇಂದ್ರ ಆಯ್ಕೆ ಮಾಡಿ, ತರಬೇತಿ ಕೊಟ್ಟು, ರಾಜ್ಯಗಳಿಗೆ ಹಂಚುತ್ತದೆ. ಆ ತರಬೇತಿ ಶುರುವಾದದ್ದು 1948ರಲ್ಲಿ ಮೌಂಟ್ ಅಬುವಿನಲ್ಲಿ. ಅಕಾಡೆಮಿ ಹೈದರಾಬಾದಿಗೆ ಬಂದದ್ದು 1975ರಲ್ಲಿ. ಎಸ್‌ಪಿಯಿಂದ ಮೇಲೆ ಬಹುಮಟ್ಟಿಗೆ ಒಂದೇ ಅಚ್ಚು. ಠಾಣೆಯಲ್ಲಿ ದೂರು ಬರೆದುಕೊಳ್ಳುವ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್, ಪಿಎಸ್‌ಐಗಳ ನೇಮಕಾತಿ, ಸಂಬಳ, ತರಬೇತಿಯೆಲ್ಲ ರಾಜ್ಯಕ್ಕೊಂದು ಬಗೆ.

ಹಲವು ಪೊಲೀಸ್ ಪಡೆಗಳನ್ನು ಬೆಸೆಯುವ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. 1956ರ ನವೆಂಬರ್ 1ರಂದು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಆಡಳಿತಗಳ ಕೆಳಗಿದ್ದ ಠಾಣೆಗಳು ಒಂದೇ ರಾಜ್ಯಕ್ಕೆ ಸೇರಿದವು. ಬೋರ್ಡು ಬದಲಿಸುವುದು ಸುಲಭ. ಎಲ್ಲ ಭಾಗಗಳಿಗೂ ಅನ್ವಯಿಸುವ ಒಂದೇ ಪೊಲೀಸ್ ಕಾಯ್ದೆ ಬರಲು 1963ರ ತನಕ ಕಾಯಬೇಕಾಯಿತು. ಒಂದೇ ಭಾಷೆಯ ಸೀಮೆಗೇ ಏಳು ವರ್ಷ ಹಿಡಿದ ಕೆಲಸ ಅದು.

ಗಡಿ ನಿಜವಾಗಿ ಚುಚ್ಚುವುದು ಹೊರರಾಜ್ಯದ ಬಂಧನದಲ್ಲಿ. ಬೆಂಗಳೂರಿನ ಸೈಬರ್ ವಂಚನೆಯ ಆರೋಪಿ ಜಾರ್ಖಂಡ್‌ನಲ್ಲಿದ್ದಾನೆ ಅನ್ನಿ. ಕಾನೂನಿನ ಪ್ರಕಾರ, ವಾರಂಟ್ ಇಲ್ಲದೆ ಹಿಡಿಯಬಹುದಾದ ಆರೋಪಿಯನ್ನು ತನಿಖಾಧಿಕಾರಿ ದೇಶದ ಯಾವ ಮೂಲೆಗಾದರೂ ಬೆನ್ನಟ್ಟಬಹುದು. ಆದರೆ ಹೊರಡುವ ಮುಂಚೆ ಮೇಲಧಿಕಾರಿಯ ಅನುಮತಿ ಬೇಕು, ಹೋಗುವ ಕಾರಣ ಕೇಸ್ ಡೈರಿಯಲ್ಲಿರಬೇಕು. ದೂರು ಮತ್ತು ಎಫ್‌ಐಆರ್ ಪ್ರತಿಗಳನ್ನು ಅಲ್ಲಿನ ಭಾಷೆಗೆ ಅನುವಾದಿಸಿ ಒಯ್ಯಬೇಕು. ಅಲ್ಲಿಗೆ ಮುಟ್ಟಿದ ಮೇಲೆ ಸ್ಥಳೀಯ ಠಾಣೆಗೆ ತಿಳಿಸಿ ಅವರ ಡೈರಿಯಲ್ಲಿ ನಮೂದು ಮಾಡಿಸಬೇಕು. ದೆಹಲಿ ಹೈಕೋರ್ಟ್ 2019ರಲ್ಲಿ ಹೊರರಾಜ್ಯದ ಬಂಧನದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇವೆಲ್ಲ ಇವೆ. ಬಂಧಿಸಿದ ಮೇಲೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದೂರದ ಊರಾದರೆ ಅಲ್ಲಿನ ಮ್ಯಾಜಿಸ್ಟ್ರೇಟರಿಂದಲೇ ಟ್ರಾನ್ಸಿಟ್ ರಿಮಾಂಡ್, ಅಂದರೆ ಆರೋಪಿಯನ್ನು ವಶದಲ್ಲಿಟ್ಟು ಸಾಗಿಸುವ ಅನುಮತಿ, ಪಡೆದು ಕರೆತರಬೇಕು.

ಎಡವಟ್ಟಾಗುವುದು ಚಿಕ್ಕ ಚಿಕ್ಕ ಕಡೆ. ಎಫ್‌ಐಆರ್ ಕನ್ನಡದಲ್ಲಿದೆ, ಅನುವಾದ ಜೊತೆಗಿಲ್ಲ. ಓದಲಾಗದ ಕಾಗದ ನೋಡಿ ರಿಮಾಂಡ್ ಕೊಡಲು ಮ್ಯಾಜಿಸ್ಟ್ರೇಟರು ಹಿಂದೇಟು ಹಾಕುತ್ತಾರೆ. ಆರೋಪಿಗೆ ಸುಳಿವು ಸಿಕ್ಕೀತೆಂಬ ಅಂಜಿಕೆಯಿಂದ ತಂಡ ಸ್ಥಳೀಯ ಠಾಣೆಗೆ ತಿಳಿಸುವುದನ್ನೇ ಬಿಡುತ್ತದೆ. ಮಫ್ತಿಯಲ್ಲಿ ಬಂದು ಹುಡುಗನನ್ನು ಗಾಡಿಗೆ ಹತ್ತಿಸಿದವರ ಮೇಲೆ ಮನೆಯವರು ಅಪಹರಣದ ದೂರು ಕೊಡುತ್ತಾರೆ. ಆಮೇಲೆ ಎರಡು ರಾಜ್ಯಗಳ ಪೊಲೀಸರು ಎದುರುಬದುರು. ಆರೋಪಿಯ ಕಡೆಯ ಗೋಳೂ ಇದೆ: ಎಲ್ಲೋ ದಾಖಲಾದ ಎಫ್‌ಐಆರ್‌ಗೆ ತಾನಿರುವ ಊರಲ್ಲಿ ಜಾಮೀನು ಕೇಳಬಹುದೇ? ಕರ್ನಾಟಕ ಸರ್ಕಾರವೂ ಕಕ್ಷಿಯಾಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ, ಸೀಮಿತ ಅವಧಿಗೆ ಅಂಥ ನಿರೀಕ್ಷಣಾ ಜಾಮೀನು ಕೊಡಬಹುದೆಂದಿತು.

ಏಕೀಕರಣದ ಪರ ಮಾತಾಡುವವರು ಒಂದನ್ನು ಮರೆಯುತ್ತಾರೆ. 24 ಗಂಟೆಯ ನಿಯಮ ಬಂದಿರುವುದು ಸಂವಿಧಾನದ 22ನೇ ವಿಧಿಯಿಂದ, ರಾಜ್ಯಗಳ ಗಡಿಯಿಂದಲ್ಲ. ದೇಶಕ್ಕೆಲ್ಲ ಅಧಿಕಾರವಿರುವ ರಾಷ್ಟ್ರೀಯ ತನಿಖಾ ಸಂಸ್ಥೆ, ಎನ್‌ಐಎ ಕೂಡ ಟ್ರಾನ್ಸಿಟ್ ರಿಮಾಂಡ್ ಕೇಳಿಯೇ ಆರೋಪಿಯನ್ನು ಕರೆದೊಯ್ಯುತ್ತದೆ. ಒಂದೇ ಪಡೆಯಾದರೆ ಕಡಿಮೆಯಾಗುವುದು ಪಕ್ಕದ ರಾಜ್ಯದ ಠಾಣೆಯ ಮರ್ಜಿ ಕಾಯುವ ಕೆಲಸ. ಅದೇನು ಸಣ್ಣ ಲಾಭವಲ್ಲ. ಅಲ್ಲಿನ ಸಿಬ್ಬಂದಿಯೇ ಹಿಡಿದು, ಅಲ್ಲಿನ ಭಾಷೆಯಲ್ಲೇ ಮಹಜರು ಬರೆದು ಒಪ್ಪಿಸಿದರೆ ಬೆಂಗಳೂರಿನಿಂದ ನಾಲ್ಕು ಜನ ವಾರಗಟ್ಟಲೆ ಲಾಡ್ಜಿನಲ್ಲಿ ಕಾಯಬೇಕಿಲ್ಲ.

ಕಡತಗಳನ್ನು ಒಂದು ಮಾಡುವ ಪ್ರಯತ್ನ ಪಡೆಗಳನ್ನು ಒಂದು ಮಾಡುವುದಕ್ಕಿಂತ ಮುಂದೆ ಹೋಗಿದೆ. 2009ರಲ್ಲಿ 2,000 ಕೋಟಿ ರೂಪಾಯಿಗೆ ಮಂಜೂರಾದ ಸಿಸಿಟಿಎನ್‌ಎಸ್ ಜಾಲ ದೇಶದ ಠಾಣೆಗಳ ಎಫ್‌ಐಆರ್, ಬಂಧನ, ಜಪ್ತಿ, ದೋಷಾರೋಪ ಪಟ್ಟಿಗಳನ್ನು ಒಂದೇ ನಮೂನೆಯಲ್ಲಿ ಕೂಡಿಸಬೇಕಿತ್ತು. ಕರ್ನಾಟಕದಲ್ಲಿ ಅದಕ್ಕೂ ಮುಂಚೆಯೇ ಠಾಣೆಗಳ ದಾಖಲೆಗೆ ‘ಪೊಲೀಸ್ ಐಟಿ’ ಎಂಬ ಸ್ವಂತ ತಂತ್ರಾಂಶ ಇತ್ತು, ಹಾಗಾಗಿ ಎರಡನ್ನೂ ಹೊಂದಿಸುವ ಕೆಲಸ ಬಿತ್ತು. ಹುಡುಕಾಟದಲ್ಲಿ ಕೈಕೊಡುವುದು ಹೆಸರು. ನಮ್ಮ ‘ಕೆ. ಮಂಜುನಾಥ’ ಇನ್ನೊಂದು ರಾಜ್ಯದ ದಾಖಲೆಯಲ್ಲಿ ‘ಮಂಜುನಾಥ್ ಕುಮಾರ್’ ಆಗಿ, ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು ಕೂತಿದ್ದರೆ ಯಂತ್ರ ಇಬ್ಬರನ್ನು ಕಾಣುತ್ತದೆ. 2022ರಲ್ಲಿ ಬಂದ ರಾಷ್ಟ್ರೀಯ ಬೆರಳಚ್ಚು ವ್ಯವಸ್ಥೆ, ನಫಿಸ್, ಈ ತೊಡಕನ್ನು ಬಹಳಷ್ಟು ಬಿಡಿಸಿದೆ. ಬಂಧಿತರೊಬ್ಬರಿಗೆ ಹತ್ತು ಅಂಕಿಯ ಒಂದೇ ಸಂಖ್ಯೆ, ಮೊದಲೆರಡು ಅಂಕಿ ರಾಜ್ಯದ ಗುರುತು. ಬೆರಳಿಗೆ ಕಾಗುಣಿತದ ತಪ್ಪು ಅಂಟುವುದಿಲ್ಲ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಸರಹದ್ದಿನ ನೆಪಕ್ಕೆ ನೇರ ಮದ್ದು. ಅಪರಾಧ ಎಲ್ಲೇ ನಡೆದಿರಲಿ, ದೂರು ಹೋದ ಠಾಣೆ ದಾಖಲಿಸಿಕೊಳ್ಳಬೇಕು. ‘ಝೀರೋ ಎಫ್‌ಐಆರ್’ ಎಂದು ಹಿಂದೆ ಸುತ್ತೋಲೆಯಲ್ಲಿದ್ದದ್ದು ಈಗ ಕಾಯ್ದೆಯಲ್ಲಿದೆ. ಆನ್‌ಲೈನ್ ದೂರಾದರೆ ದೂರುದಾರರು ಮೂರು ದಿನದೊಳಗೆ ಸಹಿ ಹಾಕಬೇಕು. ಸೊನ್ನೆ ನಂಬರಿನ ಎಫ್‌ಐಆರ್ ಸಂಬಂಧಪಟ್ಟ ಠಾಣೆಗೆ ಹೋದಮೇಲೆ ಅಲ್ಲಿ ಹೊಸ ಅಪರಾಧ ಸಂಖ್ಯೆ ಬೀಳುತ್ತದೆ. ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳದವರು ಮುಂದೆ ಎರಡು ಠಾಣೆಗಳ ನಡುವೆ ಅಲೆಯುತ್ತಾರೆ.

ಪೂರ್ತಿ ಏಕೀಕರಣಕ್ಕೆ ಕೈಹಾಕಿದವರಲ್ಲಿ ಸ್ಕಾಟ್ಲೆಂಡ್‌ನವರೂ ಇದ್ದಾರೆ. 2013ರ ಏಪ್ರಿಲ್ 1ರಂದು ಅಲ್ಲಿನ ಎಂಟು ಪಡೆಗಳು ಒಂದಾದವು. ಕೊಲೆ ತನಿಖೆಯ ನುರಿತ ತಂಡ ದೂರದ ದ್ವೀಪಗಳಿಗೂ ಸಿಗುವಂತಾಯಿತು. ಎಂಟು ಕಡೆಯ ದಾಖಲೆಗಳನ್ನು ಒಂದುಗೂಡಿಸಬೇಕಿದ್ದ ‘ಐ6’ ತಂತ್ರಾಂಶ ಮಾತ್ರ 2016ರಲ್ಲಿ ಅರ್ಧಕ್ಕೇ ನಿಂತಿತು. ಕರೆ ಕೇಂದ್ರಗಳನ್ನು ಕಡಿಮೆ ಮಾಡುತ್ತಿದ್ದ ಕಾಲದಲ್ಲಿ, 2015ರ ಜುಲೈನಲ್ಲಿ, ಎಂ9 ಹೆದ್ದಾರಿಯ ಪಕ್ಕ ಬಿದ್ದ ಕಾರಿನ ಬಗ್ಗೆ ಬಂದ ಕರೆ ಕಂಪ್ಯೂಟರಿಗೇ ಏರಲಿಲ್ಲ. ಒಳಗಿದ್ದ ಇಬ್ಬರು ಸಿಕ್ಕಿದ್ದು ಮೂರು ದಿನದ ಮೇಲೆ, ಇಬ್ಬರೂ ಉಳಿಯಲಿಲ್ಲ.

ಇಲ್ಲಿ ಪೊಲೀಸ್ ಇಲಾಖೆಯನ್ನು ರಾಜ್ಯ ಪಟ್ಟಿಯಿಂದ ಎತ್ತಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು, ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳು ಒಪ್ಪಬೇಕು. ಗಾಳಿ ಬೀಸುತ್ತಿರುವುದು ಆ ಕಡೆಗಲ್ಲ. ಪ್ರತಿ ಕೇಸಿಗೂ ಕೇಳದೆ ತಮ್ಮಲ್ಲಿ ತನಿಖೆ ಮಾಡಲು ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು ಹಲವು ರಾಜ್ಯಗಳು ವಾಪಸ್ ಪಡೆದಿವೆ, ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ. 2022ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮುಂದಿಟ್ಟ ‘ಒಂದು ದೇಶ, ಒಂದು ಸಮವಸ್ತ್ರ’ ಸಲಹೆಯಾಗಿಯೇ ಉಳಿದಿದೆ. ಪೊಲೀಸ್ ಸುಧಾರಣೆ ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ಏಳು ನಿರ್ದೇಶನಗಳಲ್ಲಿ ಒಂದೂ ಪಡೆಗಳನ್ನು ಒಂದುಗೂಡಿಸಿ ಎನ್ನುವುದಿಲ್ಲ. ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷ ಒಂದೇ ಹುದ್ದೆ, ತನಿಖೆಗೆ ಪ್ರತ್ಯೇಕ ಸಿಬ್ಬಂದಿ, ದೂರು ಕೇಳಲು ಪ್ರಾಧಿಕಾರ ಇಂಥವು ಅದರಲ್ಲಿವೆ. ಇದಕ್ಕೆ ಯಾವ ರಾಜ್ಯವೂ ಸಂವಿಧಾನ ತಿದ್ದುಪಡಿಗೆ ಕಾಯಬೇಕಿಲ್ಲ.