ಟ್ಯಾಂಕರ್ ನೀರು, ಡ್ರಮ್ಮು, ಡೆಂಗಿ

ಡೆಂಗಿ ಅಂದ ಕೂಡಲೇ ನಾವು ಚರಂಡಿ ಕಡೆ ಕೈ ತೋರಿಸುತ್ತೇವೆ. ಆದರೆ ಬೆಂಗಳೂರಿನ ಅಂಚಿನ ಹೊಸ ಲೇಔಟ್‌ಗಳಲ್ಲಿ ಗುಡಿಸಿ ಒರೆಸಿ ಥಳಥಳ ಇಟ್ಟ ಮನೆಗಳಿಗೂ ಅದು ಬರುತ್ತದೆ. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಗಿಂತ ಶೇಖರಿಸಿಟ್ಟ ತಿಳಿನೀರೇ ಇಷ್ಟ. ಇಲ್ಲಿ ನೀರು ಕೂಡಿಡದ ಮನೆ ಎಲ್ಲಿದೆ ಹೇಳಿ?

ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನ ಇದ್ದರು. 2011ಕ್ಕೆ 96 ಲಕ್ಷ ದಾಟಿದರು. ಹಳೇ ಪೇಟೆಗಳಿಗಿಂತ ವರ್ತೂರು, ಬೆಳ್ಳಂದೂರು, ಹೊರಮಾವಿನಂಥ ಅಂಚಿನ ಊರುಗಳೇ ಬೇಗ ಬೆಳೆದವು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದವು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ನೀರಿನ ಯೋಜನೆಯ 5ನೇ ಹಂತ ಶುರುವಾಗಿದ್ದು ಅಕ್ಟೋಬರ್ 2024ರಲ್ಲಿ. ನಡುವೆ ಹದಿನೇಳು ವರ್ಷ! ಅಷ್ಟೂ ದಿನ ಬೋರ್‌ವೆಲ್ಲೇ ಗತಿ, ಅದು ಬತ್ತಿದರೆ ಟ್ಯಾಂಕರ್. ಟ್ಯಾಂಕರ್ ಯಾವಾಗ ಬರುತ್ತೋ ಗೊತ್ತಿಲ್ಲದವರು ಸಂಪು, ಸಿಂಟೆಕ್ಸು, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿಡುತ್ತಾರೆ.

ಈ ಸೊಳ್ಳೆಯ ಜಾಣತನ ನೋಡಿ. ಮೊಟ್ಟೆಯನ್ನು ನೀರಿನೊಳಗೆ ಬಿಡುವುದಿಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪು ಚುಕ್ಕೆಯಂತಿರುವ ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಮತ್ತೆ ಡ್ರಮ್ಮು ತುಂಬಿ ನೀರು ತಾಗಿತೋ, ಒಡೆದು ಮರಿಯಾಗುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಅದು ಕಚ್ಚುವುದು ಹಗಲಲ್ಲಿ. ದೂರ ಹಾರುವುದೂ ಇಲ್ಲ, ಕೆಲವು ನೂರು ಮೀಟರ್ ಅಷ್ಟೇ. ಹಿಂದೆ ರಾಗಿ ಹೊಲವಿದ್ದಾಗ ಅಷ್ಟು ಜಾಗದಲ್ಲಿ ನಾಲ್ಕು ಮನೆ ಇರುತ್ತಿತ್ತೇನೋ. ಈಗ ಅಲ್ಲೇ ಸಾಲು ಸಾಲು ಅಪಾರ್ಟ್‌ಮೆಂಟು. ಒಬ್ಬರಿಂದ ಇನ್ನೊಬ್ಬರಿಗೆ ವೈರಸ್ ದಾಟಿಸಲು ಸೊಳ್ಳೆ ಜಾಸ್ತಿ ಕಷ್ಟಪಡಬೇಕಿಲ್ಲ.

ಮನೆ ಕಟ್ಟುವ ಜಾಗಗಳದ್ದು ಇನ್ನೊಂದು ಕತೆ. ಮೋಲ್ಡ್ ಹಾಕಿದ ಮೇಲೆ ಕ್ಯೂರಿಂಗ್‌ಗೆಂದು ಸಣ್ಣ ಬದು ಕಟ್ಟಿ ವಾರಕ್ಕೂ ಹೆಚ್ಚು ದಿನ ನೀರು ನಿಲ್ಲಿಸುತ್ತಾರೆ. ಕಾಂಕ್ರೀಟು ಗಟ್ಟಿಯಾಗಲು ಬೇಕಾದ ದಿನ, ಸೊಳ್ಳೆ ರೆಕ್ಕೆ ಮೂಡಲು ಬೇಕಾದ ದಿನ, ಎರಡೂ ಹೆಚ್ಚುಕಡಿಮೆ ಒಂದೇ. ಹೊಸ ಬಡಾವಣೆಯಲ್ಲಿ ಬೀದಿಗೆ ಎರಡಾದರೂ ಇಂಥ ಕಟ್ಟಡ ಇದ್ದೇ ಇರುತ್ತವಲ್ವಾ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡವನ್ನೂ ಗೊತ್ತು ಮಾಡಿತು. ಹೊಗೆ ಯಂತ್ರಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ. ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನ ಮರಿಗೂ ಗೋಡೆಯ ಮೊಟ್ಟೆಗೂ ಏನೂ ಆಗುವುದಿಲ್ಲ.

ಜ್ವರ ಬಂದರೆ? ನಗರಗಳಲ್ಲಿ 50,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ಸರ್ಕಾರದ ಲೆಕ್ಕ. ಆದರೆ 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಯಿತು. ಹಾಗಾಗಿ ಲೆಕ್ಕಕ್ಕೆ ಸಿಗುವುದು 2011ರ ಎಣಿಕೆ, ಆಮೇಲೆ ಎದ್ದ ಅಪಾರ್ಟ್‌ಮೆಂಟಿನ ಜನ ಅದರಲ್ಲಿ ಇಲ್ಲವೇ ಇಲ್ಲ.

ಪೈಪ್ ಬಂದ ಮಾತ್ರಕ್ಕೆ ಡ್ರಮ್ಮು ಹೋಗುವುದೂ ಇಲ್ಲ. ನೀರು ಯಾವ ದಿನ ಬರುತ್ತೆ ಅನ್ನುವ ಭರವಸೆ ಹುಟ್ಟುವವರೆಗೆ ಜನ ತುಂಬಿಸಿಡುತ್ತಲೇ ಇರುತ್ತಾರೆ. ‘ವಾರಕ್ಕೊಮ್ಮೆ ನೀರು ಚೆಲ್ಲಿ’ ಅಂತ ಆಶಾ ಕಾರ್ಯಕರ್ತೆ ಹೇಳಿದರೆ, ದುಡ್ಡು ಕೊಟ್ಟು ತರಿಸಿದ ನೀರನ್ನು ಯಾರು ಸುಮ್ನೆ ಚೆಲ್ಲುತ್ತಾರೆ? ಅಂಥವರು ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಬಹುದು. ನೀರು ಖಾಲಿಯಾದ ದಿನ ಒಳಗೋಡೆಯನ್ನು ಬ್ರಷ್‌ನಿಂದ ಗಸಗಸ ಉಜ್ಜಿ ತೊಳೆದು, ಆಮೇಲೆ ತುಂಬಿಸಬೇಕು.