ಹೊಸ ಗೋಡೆಯನ್ನು ಹಳೆ ಗೋಡೆಗೆ ಕಚ್ಚಿಸಬೇಡಿ

ಬೇಸಗೆ ರಜೆ ಶುರುವಾದರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೊಂದು ಬಗೆಯ ಫೋನು ಬರುತ್ತದೆ. "ಇಂಜಿನಿಯರ್ರೇ, ನಮ್ಮ ಸ್ಕೌಟ್ ಹಾಲಿಗೆ ಹಿಂದೊಂದು ಕೋಣೆ ಸೇರಿಸ್ತಾ ಇದ್ದೇವೆ. ಎಲ್ಲ ಶ್ರಮದಾನವೇ. ಒಮ್ಮೆ ಬಂದು ನೋಡ್ತೀರಾ?" ನಾನು ಹೋಗಿ ನೋಡುವಾಗ ಹಳೆ ಗೋಡೆಯ ಮೂಲೆಯಲ್ಲಿ ಒಂದು ಬಿಟ್ಟು ಒಂದು ಮುರಕಲ್ಲನ್ನು (ಕೆಂಪುಕಲ್ಲನ್ನು) ಕಿತ್ತು ಆಗಿರುತ್ತದೆ. ಹೊಸ ಕಲ್ಲು ಅದರೊಳಗೆ ಕಚ್ಚಿ ಕೂತರೆ ಎರಡೂ ಒಂದೇ ಕಟ್ಟಡವಾಗಿ ಗಟ್ಟಿಯಾಗುತ್ತದೆಂಬ ನಂಬಿಕೆ. ಇಷ್ಟು ಒಳ್ಳೆಯ ಮನಸ್ಸಿನಿಂದ ದುಡಿಯುವ ಜನ ಪ್ರತಿ ಸಲವೂ ಇದೇ ತಪ್ಪಿಗೆ ಬೀಳುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಹಳೆ ಹಾಲು ಎಷ್ಟೋ ಮಳೆಗಾಲ ಕಂಡಿದೆ. ಅದರ ಪಂಚಾಂಗದ, ಅಂದರೆ ಗೋಡೆಯ ಅಡಿಗಟ್ಟಿನ, ಕೆಳಗಿನ ಮಣ್ಣು ಎಷ್ಟು ಕುಸಿಯಬೇಕೋ ಅಷ್ಟು ಕುಸಿದು ನಿಂತಿದೆ. ಹೊಸ ಕೋಣೆಯ ಅಡಿಯ ಮಣ್ಣು ಇನ್ನೂ ಒಂದು ಮಳೆಯನ್ನೂ ಕಂಡಿಲ್ಲ. ನಮ್ಮೂರಿನಲ್ಲಿ ಜಾಗ ಸಮತಟ್ಟಲ್ಲ. ಗುಡ್ಡ ಕಡಿದ ಗಟ್ಟಿ ನೆಲದಲ್ಲಿ ಹಾಲು ಕಟ್ಟಿ, ಕಡಿದ ಮಣ್ಣನ್ನು ಹಿಂದಿನ ಇಳಿಜಾರಿಗೆ ಸುರಿದಿರುತ್ತಾರೆ; ಮುಂದೊಂದು ದಿನ ಕೋಣೆ ಬೇಕಾದಾಗ ಉಳಿದಿರುವುದು ಆ ಸುರಿದ ಮಣ್ಣಿನ ಜಾಗವೇ. ಮುರಕಲ್ಲಿನ ಪದರದ ಕೆಳಗೆ ಹಲವು ಕಡೆ ಶೇಡಿ ಮಣ್ಣೂ ಇರುತ್ತದೆ. ಒಣಗಿದಾಗ ಅದಕ್ಕೆ ಪಿಕ್ಕಾಸು ತಾಗದು, ನೀರು ಕುಡಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಹೊಸ ಕೋಣೆ ಮೊದಲ ಎರಡು ಮೂರು ಮಳೆಗಾಲಗಳಲ್ಲಿ ಸ್ವಲ್ಪ ಇಳಿದೇ ಇಳಿಯುತ್ತದೆ. ಕೆಲವೇ ಮಿಲಿಮೀಟರ್ ಇರಬಹುದು. ಆದರೆ ಗೋಡೆ ಸೀಳಲು ಅಷ್ಟೇ ಸಾಕು. ಚಂದ್ರಗಿರಿ ಹೊಳೆಯ ಕಡವಿನಲ್ಲಿ ಉಬ್ಬರದ ಹೊತ್ತಿಗೆ ದೋಣಿಯನ್ನು ಕಂಬಕ್ಕೆ ಬಿಗಿದು ಕಟ್ಟಿ ಹೋದವನು ಇಳಿತದ ಹೊತ್ತಿಗೆ ಬಂದರೆ ಏನು ಕಾಣುತ್ತಾನೋ, ಕಚ್ಚಿಸಿದ ಗೋಡೆಯಲ್ಲಿ ಆಗುವುದೂ ಅದೇ.

"ಬೇಕಲ ಕೋಟೆಯೂ ಕೆಂಪುಕಲ್ಲಿನದ್ದೇ ಅಲ್ವಾ, ಅದು ನಿಂತಿಲ್ವಾ?" ಎಂದು ಕೇಳುತ್ತಾರೆ. ಕಲ್ಲಿನ ಬಗ್ಗೆ ನನಗೆ ಸಂಶಯವಿಲ್ಲ. ನಾನು ಹೇಳುತ್ತಿರುವುದು ಕಲ್ಲಿನ ಅಡಿಯಲ್ಲಿರುವ ಮಣ್ಣಿನ ಮಾತು.

ಆದ್ದರಿಂದ ಎರಡರ ನಡುವೆ ಸುಮಾರು 25 ಮಿಲಿಮೀಟರ್ ಸಂದು ಬಿಡಿ. ಹೊಸ ಕೋಣೆ ತನ್ನದೇ ನಾಲ್ಕು ಗೋಡೆಗಳ ಮೇಲೆ ನಿಲ್ಲಲಿ. ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ, ತಪ್ಪು ಆಗುವುದು ಇದರ ಮುಂದೆ. ಗೋಡೆಯಲ್ಲಿ ಸಂದು ಬಿಟ್ಟವರು ಲಿಂಟಲಿನ ಸರಳನ್ನು ಹಳೆ ಗೋಡೆಯೊಳಗೆ ತೂರಿಸುತ್ತಾರೆ. ಅದನ್ನು ತಪ್ಪಿಸಿದವರು ಎರಡೂ ಕೋಣೆಗೆ ಸೇರಿಸಿ ಒಂದೇ ಉದ್ದಕ್ಕೆ ಟೈಲ್ಸ್ ಹಾಸುತ್ತಾರೆ. ಅದನ್ನೂ ತಪ್ಪಿಸಿದರೆ, ಕೊನೆಗೆ ಸಾರಣೆಯವನು ಬಂದು "ಇದೆಂತ, ಬಿಟ್ಟು ಹೋಗಿದೆ" ಎಂದು ಸಿಮೆಂಟು ತುಂಬಿಸಿ ಚಂದ ಮಾಡಿ ಹೋಗುತ್ತಾನೆ. ಸಂದು ಪಂಚಾಂಗದಿಂದ ಮಾಡಿನವರೆಗೆ ಎಲ್ಲೂ ತುಂಡಾಗಬಾರದು. ನೆಲದ ಟೈಲ್ಸ್ ಅಲ್ಲಿ ನಿಲ್ಲಬೇಕು, ಸ್ಕರ್ಟಿಂಗ್ ನಿಲ್ಲಬೇಕು, ವಯರಿಂಗ್ ಪೈಪು ಅಲ್ಲಿ ಬಾಗುವಂಥದ್ದಾಗಿರಬೇಕು. ಒಳಗೆ ಥರ್ಮಾಕೋಲ್ ಇಟ್ಟು ಹೊರಗಿನಿಂದ ಹಿಗ್ಗುವ ಕುಗ್ಗುವ ಸೀಲಂಟ್ ತುಂಬಿಸಿ. ಮೇಲೆ ಅಲ್ಯೂಮಿನಿಯಂ ಪಟ್ಟಿ ಹೊಡೆದರೆ ಮಕ್ಕಳ ಕಣ್ಣಿಗೂ ಅಸಹ್ಯವಾಗದು. ಆ ಪಟ್ಟಿಗೆ ಸ್ಕ್ರೂ ಒಂದು ಬದಿಯ ಗೋಡೆಗೆ ಮಾತ್ರ. ಎರಡೂ ಬದಿಗೆ ಹೊಡೆದರೆ ಸಂದು ಬಿಟ್ಟದ್ದೇ ವ್ಯರ್ಥ. ಮಾಡಿನ ಸೇರುವಿಕೆಯಲ್ಲಿ ನೀರು ತಡೆಯುವ ತಗಡಿಗೂ ಇದೇ ಲೆಕ್ಕ.

ಬದಿಯಡ್ಕದ ಆಚೆ ಒಂದು ಹಾಲಿನಲ್ಲಿ ನಾನು ಹೋಗುವಾಗ ಎಲ್ಲ ಮುಗಿದಿತ್ತು. ಡೇರೆ, ಹಗ್ಗ, ಪಾತ್ರೆ ಇಡಲು ಕಟ್ಟಿದ ಕೋಣೆ. ಗಲ್ಫಿನಿಂದ ರಜೆಯಲ್ಲಿ ಬಂದ ಹಳೆ ಸ್ಕೌಟುಗಳು ತಲೆ ಮೇಲೆ ಕಲ್ಲು ಹೊತ್ತು ಕಟ್ಟಿದ್ದು. ಕಚ್ಚಿಸಿದ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಕಿಟಕಿಯ ಮೂಲೆಯವರೆಗೆ ಹೋಗಿತ್ತು. ಮಾಷ್ಟ್ರು ಕಂಗಾಲಾಗಿದ್ದರು. ಹುಡುಗರು ಮಾತ್ರ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಪಕ್ಕದಲ್ಲಿ ತಾರೀಕು ಬರೆದು, ಪ್ರತಿ ಭಾನುವಾರ ಸ್ಕೇಲಿಟ್ಟು ಅಳೆಯುತ್ತಿದ್ದರು. ಅದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಜೂನಿನಲ್ಲಿ ಉಗುರು ಹೋಗದ ಬಿರುಕಿಗೆ ಆಟಿ (ಜುಲೈ-ಆಗಸ್ಟ್) ಕಳೆಯುವಾಗ ಐದು ರೂಪಾಯಿಯ ನಾಣ್ಯ ಹೋಗುತ್ತಿತ್ತು. ಮಳೆ ನಿಂತ ಮೇಲೆ ಅದು ಬೆಳೆಯಲಿಲ್ಲ. ಹುಡುಗರ ಆ ಅಳತೆ ನೋಡಿಯೇ ಇದು ಮಣ್ಣಿನ ಇಳಿತ ಎಂದು ನನಗೆ ಖಾತ್ರಿಯಾದದ್ದು. ಕೊನೆಗೆ ಮೂಲೆಯ ಕಲ್ಲುಗಳನ್ನು ಗರಗಸದಲ್ಲಿ ಕೊಯ್ದು ಸಂದು ಮಾಡಿಸಬೇಕಾಯಿತು.

ಅದೇ ಮಕ್ಕಳು ಸಾರಣೆಗೆ ಕಟ್ಟಿದ ಬಿದಿರಿನ ಅಟ್ಟಳಿಗೆ ನೋಡಿದೆ. ಕ್ಲೋವ್ ಹಿಚ್ ಗಂಟಿನಿಂದ ಶುರುಮಾಡಿ ಅದರಲ್ಲೇ ಮುಗಿಸಿದ ಸ್ಕ್ವೇರ್ ಲ್ಯಾಶಿಂಗ್ ಎಂಬ ಹಗ್ಗದ ಕಟ್ಟುಗಳು, ಒಂದೂ ಸಡಿಲವಿಲ್ಲ. ಆದರೂ ಹದಿನೆಂಟು ತುಂಬದವರನ್ನು ಅದರ ಮೇಲೆ ಹತ್ತಿಸಬೇಡಿ. ಅವರಿಗೆ ಬೇರೆ ಕೆಲಸವಿದೆ. ಶ್ರಮದಾನ ಭಾನುವಾರಕ್ಕೆ ಮುಗಿಯುತ್ತದೆ, ಕಾಂಕ್ರೀಟಿಗೆ ಸೋಮವಾರದಿಂದ ನೀರು ಬೇಕು. ಅಂಗಡಿಯಲ್ಲಿ ಸಿಗುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ. ಸ್ಕೌಟುಗಳ ಒಂದೊಂದು ಪಟ್ರೋಲಿಗೆ, ಅಂದರೆ ಸಣ್ಣ ತಂಡಕ್ಕೆ, ಒಂದೊಂದು ದಿನ ಹಂಚಿಕೊಡಿ, ತಪ್ಪಿಸುವುದಿಲ್ಲ.

ಪಾಯ ತೆಗೆಯುವಾಗ ಇನ್ನೊಂದು ಎಚ್ಚರ. ಹಳೆ ಪಂಚಾಂಗದ ಪಕ್ಕದಲ್ಲಿ, ಅದರ ಅಡಿಗಿಂತ ಕೆಳಗೆ, ಉತ್ಸಾಹದಲ್ಲಿ ಒಂದೇ ದಿನ ಉದ್ದಕ್ಕೆ ಅಗೆಯಬೇಡಿ. ಹಳೆ ಗೋಡೆ ಬೀಳುವುದುಂಟು. ನಡುಗೋಡೆಯನ್ನೇ ತೆಗೆದು ದೊಡ್ಡ ಹಾಲು ಮಾಡುವ ಆಸೆಯಿದ್ದರೆ ಇಂಜಿನಿಯರನ್ನು ಕರೆಯದೆ ಒಂದು ಕಲ್ಲನ್ನೂ ಮುಟ್ಟಬೇಡಿ. ಮಾಡಿನ ಭಾರ ಆ ಗೋಡೆಯ ಮೇಲಿರಬಹುದು. ಗಟ್ಟಿ ಪಾದೆಕಲ್ಲಿನ ಮೇಲೆ ಎರಡೂ ಪಂಚಾಂಗ ಕೂತಿದ್ದರೆ ನಾನು ಹೇಳಿದ ಇಳಿತ ನಗಣ್ಯವಾಗಬಹುದು, ಆದರೆ ಅದನ್ನು ಜಾಗ ನೋಡಿದವರೇ ಹೇಳಬೇಕು.

ನನ್ನನ್ನು ಕೇಳಿದರೆ, ತುಂಬಿಸಿದ ಮಣ್ಣಿನ ಜಾಗವಾದರೆ ಮೊದಲು ಅದನ್ನು ತೆಳು ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡಿ, ಗಟ್ಟಿ ನೆಲ ಸಿಕ್ಕುವವರೆಗೆ ಪಾಯ ತೆಗೆದು, ಮೇ ತಿಂಗಳೊಳಗೆ ಪಂಚಾಂಗ ಮಾತ್ರ ಕಟ್ಟಿ ನಿಲ್ಲಿಸಿ. ಒಂದು ಮಳೆಗಾಲ ಅದರ ಮೇಲೆ ಹೋಗಲಿ. ಗೋಡೆ ಏಳುವುದು ನವೆಂಬರಿಗೆ. "ಅಷ್ಟರಲ್ಲಿ ಜನರ ಉಮೇದು ಇಳಿಯುತ್ತದೆ ಸಾರ್" ಎನ್ನುತ್ತಾರೆ. ಇಳಿಯದ ಹಾಗೆ ಕೆಲಸ ಬೇಕಾದಷ್ಟಿದೆ. ಬಾಗಿಲಿನ ಮರ ಕೊಯ್ಸಿ ನೆರಳಲ್ಲಿ ಒಣಗಿಸಬೇಕು. ಸಭಾಭವನವೆಂದರೆ ಜನ ಸೇರುವ ಕಟ್ಟಡ, ವಿಸ್ತರಣೆಗೂ ಕೇರಳ ಪಂಚಾಯತ್ ಕಟ್ಟಡ ನಿಯಮ 2019ರ ಪ್ರಕಾರ ಅನುಮತಿ ಬೇಕು. ನಕ್ಷೆ ಮಾಡಿಸಿ ಪಾಯಕ್ಕೆ ಮೊದಲೇ ಅದನ್ನು ಪಡೆದಿರಬೇಕು. ಆಮೇಲೆ ಆ ಮಳೆಗಾಲವಿಡೀ ಪಂಚಾಂಗದ ನಾಲ್ಕು ಮೂಲೆಗೆ ಗುರುತು ಹಾಕಿ, ಹಳೆ ಗೋಡೆಯ ಒಂದು ಗೀಟಿನಿಂದ ನೀರಿನ ಟ್ಯೂಬಿನಲ್ಲಿ ಮಟ್ಟ ಹಿಡಿದು ಬರೆದಿಡಲು ಹುಡುಗರಿಗೆ ಹೇಳಿ. ನವೆಂಬರಿನಲ್ಲಿ ನಾನು ಬಂದಾಗ ಮೊದಲು ಕೇಳುವುದು ಆ ಪುಸ್ತಕವನ್ನು.