ಯಂತ್ರ ಅಳೆದದ್ದೇನು, ನಮಗೆ ಬೇಕಾದದ್ದೇನು: ಪುರಾತತ್ವ ಪ್ರಯೋಗಾಲಯದ ಟಿಪ್ಪಣಿಗಳು

ಉತ್ಖನನದಲ್ಲಿ ಸಿಕ್ಕ ವಸ್ತುಗಳ ವೈಜ್ಞಾನಿಕ ವಿಶ್ಲೇಷಣೆ ಎಂಬ ಪರೀಕ್ಷಾ ಪತ್ರಿಕೆಗೆ ಓದಲು ಕುಳಿತರೆ ಮೊದಲು ಕಂಗೆಡಿಸುವುದು ಹೆಸರುಗಳ ರಾಶಿ: ಎಕ್ಸ್‌ಆರ್‌ಎಫ್, ಎಕ್ಸ್‌ಆರ್‌ಡಿ, ಎಎಂಎಸ್, ಜಿಸಿ-ಎಂಎಸ್, ಓಎಸ್‌ಎಲ್. ಒಂದೊಂದಕ್ಕೂ ಒಂದು ತತ್ವ, ಒಂದು ಚಿತ್ರ, ಐದು ಅನುಕೂಲ, ಐದು ಅನಾನುಕೂಲ ಎಂದು ನಾನೂ ಉರು ಹೊಡೆದೆ. ಪ್ರಾಯೋಗಿಕ ತರಗತಿಯಲ್ಲಿ ಅಂಗೈ ಮೇಲೆ ನಿಜವಾದ ಮಡಕೆ ಚೂರು ಬಂದು ಕುಳಿತಾಗ ಆ ಉರು ಯಾವ ಕೆಲಸಕ್ಕೂ ಬರಲಿಲ್ಲ. ಆಮೇಲೆ ಟಿಪ್ಪಣಿಗಳನ್ನೆಲ್ಲ ಎರಡು ಪ್ರಶ್ನೆಗಳ ಸುತ್ತ ಮತ್ತೆ ಬರೆದುಕೊಂಡೆ. ಯಂತ್ರ ನಿಜಕ್ಕೂ ಅಳೆದದ್ದು ಏನನ್ನು? ಆ ಅಳತೆಗೂ ನಮಗೆ ತಿಳಿಯಬೇಕಾದ ಸಂಗತಿಗೂ ನಡುವೆ ಎಷ್ಟು ದೂರ? ಪರೀಕ್ಷೆಯಲ್ಲಾಗಲಿ ಕೆಲಸದಲ್ಲಾಗಲಿ ನಾವು ಎಡವುವುದು ಈ ಎರಡನೆಯದರಲ್ಲಿ.

ಮುಟ್ಟುವ ಮೊದಲು

ವಿಶ್ಲೇಷಣೆ ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಗುಂಡಿಯ ಪಕ್ಕದಲ್ಲಿ. ಮೆರುಗಿಲ್ಲದ ಮಡಕೆಯ ಮೈತುಂಬ ಸಣ್ಣ ರಂಧ್ರಗಳಿರುತ್ತವೆ. ಅಡುಗೆಯ ಜಿಡ್ಡು ಅವುಗಳೊಳಗೆ ಇಳಿದು ಸಾವಿರಾರು ವರ್ಷ ಉಳಿಯಬಲ್ಲದು. ಚೂರಿನ ಸ್ವಲ್ಪ ಭಾಗವನ್ನು ಪುಡಿ ಮಾಡಿ, ದ್ರಾವಕದಲ್ಲಿ ಜಿಡ್ಡನ್ನು ಕರಗಿಸಿ ತೆಗೆದು ಜಿಸಿ-ಎಂಎಸ್ ಯಂತ್ರಕ್ಕೆ ಕೊಟ್ಟರೆ, ಒಂದೊಂದು ಬಗೆಯ ಅಣುವೂ ಒಂದೊಂದು ಶಿಖರವಾಗಿ ನಕ್ಷೆಯಲ್ಲಿ ಕಾಣುತ್ತದೆ.

ನನ್ನ ಮೊದಲ ಚೂರಿನಲ್ಲಿ ಎದ್ದು ಕಂಡದ್ದು ಥಾಲೇಟ್. ಅದು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕ. ಚೂರನ್ನು ನಾನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೆ. ಅದರ ಜೊತೆಗೇ ಸ್ಕ್ವಾಲೀನ್ ಇತ್ತು, ಅಂದರೆ ನನ್ನದೇ ಬೆರಳಿನ ಎಣ್ಣೆ. ಪ್ರಾಚೀನರ ಅಡುಗೆ ಹುಡುಕಲು ಹೋದ ನನಗೆ ಸಿಕ್ಕಿದ್ದು ನನ್ನ ಚೀಲ ಮತ್ತು ನನ್ನ ಕೈ! ಅಂದಿನಿಂದ ಜಿಡ್ಡಿನ ಪರೀಕ್ಷೆಗೆ ಎತ್ತಿಡುವ ಚೂರುಗಳಿಗೆ ಕೈಗವಸು ಮತ್ತು ಅಲ್ಯೂಮಿನಿಯಂ ಹಾಳೆ ಕಡ್ಡಾಯ, ತೊಳೆಯುವುದು ನಿಷಿದ್ಧ.

ಸರಿಯಾಗಿ ತೆಗೆದಿಟ್ಟ ಚೂರುಗಳು ಎಷ್ಟು ಹೇಳಬಲ್ಲವು ಎಂಬುದಕ್ಕೆ ಒಂದು ಉದಾಹರಣೆ. ಹಾಲಿನ ಕೊಬ್ಬಿಗೂ ಮಾಂಸದ ಕೊಬ್ಬಿಗೂ ಇಂಗಾಲದ ಐಸೋಟೋಪ್‌ಗಳ (ಒಂದೇ ಧಾತುವಿನ, ತೂಕದಲ್ಲಿ ಬೇರೆಯಾದ ಪರಮಾಣುಗಳ) ಪ್ರಮಾಣದಲ್ಲಿ ಸಣ್ಣ ವ್ಯತ್ಯಾಸವಿದೆ. ಅದನ್ನೇ ಹಿಡಿದು ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು 2,200ಕ್ಕೂ ಹೆಚ್ಚು ಮಡಕೆಗಳ ಜಿಡ್ಡನ್ನು ಪರೀಕ್ಷಿಸಿದರು. ಕ್ರಿ.ಪೂ. ಏಳನೆಯ ಸಹಸ್ರಮಾನದಲ್ಲೇ ವಾಯವ್ಯ ಅನಟೋಲಿಯಾದ (ಇಂದಿನ ಟರ್ಕಿ) ಜನ ಹಾಲನ್ನು ಬಳಸುತ್ತಿದ್ದರೆಂದು ಅವರು 2008ರಲ್ಲಿ ತೋರಿಸಿದರು. ಯಂತ್ರ ಅಳೆದದ್ದು ಎರಡು ಕೊಬ್ಬಿನಾಮ್ಲಗಳನ್ನು. ಪಶುಪಾಲನೆಯ ಮಾತು ಅದರ ಮೇಲೆ ಕಟ್ಟಿದ ತರ್ಕ.

ಕ್ರಮದ ಬಗ್ಗೆ ಒಂದೇ ಮಾತು: ಹಾಳು ಮಾಡದ ಪರೀಕ್ಷೆ ಮೊದಲು, ಕತ್ತರಿಸುವ ಪರೀಕ್ಷೆ ಕೊನೆಗೆ. ತುಕ್ಕಿನ ಉಂಡೆಯಾಗಿರುವ ಕಬ್ಬಿಣವನ್ನು ಶುಚಿ ಮಾಡುವ ಮುಂಚೆ ಕ್ಷ-ಕಿರಣ ಚಿತ್ರ ತೆಗೆಯಬೇಕು. ಎಷ್ಟೋ ಸಲ ವಸ್ತುವಿನ ಆಕಾರ ಉಳಿದಿರುವುದು ಆ ಚಿತ್ರದಲ್ಲಿ ಮಾತ್ರ.

ಇಂಗಾಲ-14

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ, ಏಕೆಂದರೆ ಎಲ್ಲರಿಗೂ ಗೊತ್ತಿದೆ ಎಂದುಕೊಂಡಿರುವ ವಿಷಯ ಇದು.

ವಿಶ್ವಕಿರಣಗಳ ಹೊಡೆತಕ್ಕೆ ಮೇಲಿನ ವಾತಾವರಣದಲ್ಲಿ ಇಂಗಾಲ-14 ಹುಟ್ಟುತ್ತಲೇ ಇರುತ್ತದೆ. ಅದರ ಪ್ರಮಾಣ ತೀರಾ ಅಲ್ಪ: ಸುಮಾರು ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಒಂದು. ಗಿಡ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ, ಪ್ರಾಣಿ ಗಿಡವನ್ನು ತಿನ್ನುತ್ತದೆ. ಜೀವ ಹೋದ ಮೇಲೆ ಹೊಸ ಇಂಗಾಲ ಬರುವುದು ನಿಲ್ಲುತ್ತದೆ, ಒಳಗಿದ್ದ ಇಂಗಾಲ-14 ಮಾತ್ರ ಕ್ಷಯಿಸುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂಬುದರಿಂದ ವಯಸ್ಸಿನ ಲೆಕ್ಕ. ವಿಲ್ಲರ್ಡ್ ಲಿಬ್ಬಿ ಮತ್ತು ಜೇಮ್ಸ್ ಆರ್ನಾಲ್ಡ್ 1949ರಲ್ಲಿ ಕಾಲ ಮೊದಲೇ ಗೊತ್ತಿದ್ದ ಮಾದರಿಗಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಅರ್ಧಾಯುಷ್ಯ, ಅಂದರೆ ಇಂಗಾಲ-14 ಅರ್ಧಕ್ಕಿಳಿಯಲು ಬೇಕಾದ ಕಾಲ, ಎಷ್ಟು ಎಂದರೆ ಎರಡು ಉತ್ತರ ಸಿಗುತ್ತದೆ. ಲಿಬ್ಬಿ ಬಳಸಿದ್ದು 5568 ವರ್ಷ, ಆಮೇಲೆ ಸಿಕ್ಕ ಹೆಚ್ಚು ನಿಖರವಾದ ಅಳತೆ 5730. ತಮಾಷೆಯೆಂದರೆ ಪ್ರಯೋಗಾಲಯಗಳು ಇವತ್ತಿಗೂ ಕಚ್ಚಾ ವಯಸ್ಸನ್ನು 5568ರ ಲೆಕ್ಕದಲ್ಲೇ ಕೊಡುತ್ತವೆ. ಹಳೆಯ ವರದಿಗಳಿಗೂ ಹೊಸ ವರದಿಗಳಿಗೂ ತಾಳೆ ಇರಲಿ ಎಂದು ಹಾಗೆ ಒಪ್ಪಿಕೊಂಡಿದ್ದಾರೆ. ತಪ್ಪು ಸರಿಹೋಗುವುದು ಮುಂದಿನ ಹಂತವಾದ ಕ್ಯಾಲಿಬ್ರೇಷನ್‌ನಲ್ಲಿ, ಅಂದರೆ ಕಾಲ ಗೊತ್ತಿರುವ ಮಾದರಿಗಳಿಗೆ ಹೋಲಿಸಿ ಕಚ್ಚಾ ವಯಸ್ಸನ್ನು ನಿಜವಾದ ವರ್ಷಗಳಿಗೆ ತಿರುಗಿಸುವಲ್ಲಿ. ಆದ್ದರಿಂದ ಯಾರಾದರೂ ಕೊಟ್ಟ ಸಂಖ್ಯೆಯನ್ನು ನೀವೇ 5730ಕ್ಕೆ ತಿದ್ದಿ, ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಲು ಹೋಗಬೇಡಿ.

ವರದಿಯಲ್ಲಿ ಬರುವ 'ಬಿಪಿ' ರಕ್ತದೊತ್ತಡವಲ್ಲ, 'ಈಗಿನಿಂದ ಹಿಂದೆ' ಎಂದು. ಆ 'ಈಗ' ಕೂಡ ನಮ್ಮ ಈಗ ಅಲ್ಲ, ಕ್ರಿ.ಶ. 1950. ಅಲ್ಲಿಂದೀಚೆಗೆ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣವನ್ನೇ ಕೆಡಿಸಿದವು.

2150 ± 30 ಬಿಪಿ ಎಂದು ಬಂದರೆ 1950ರಿಂದ 2150 ಕಳೆದು ಕ್ರಿ.ಪೂ. 200 ಎಂದು ಬರೆಯುವಂತಿಲ್ಲ. ಗಾಳಿಯಲ್ಲಿ ಇಂಗಾಲ-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಹಾಗಾಗಿ ಮರದ ವಾರ್ಷಿಕ ಉಂಗುರ, ಗುಹೆಯ ಸುಣ್ಣದ ಪದರ ಮುಂತಾದವುಗಳಿಂದ ಕಟ್ಟಿದ ವಕ್ರರೇಖೆಗೆ ಹೋಲಿಸಬೇಕು. ಉತ್ತರ ಗೋಳಾರ್ಧಕ್ಕೆ ಈಗ ಬಳಕೆಯಲ್ಲಿರುವುದು 2020ರ ಇಂಟ್‌ಕ್ಯಾಲ್20, ಅದರ ವ್ಯಾಪ್ತಿ 55,000 ವರ್ಷ. ಈ ರೇಖೆ ಎಲ್ಲೆಡೆ ಒಂದೇ ಸಮನೆ ಇಳಿಯುವುದಿಲ್ಲ. ಕ್ರಿ.ಪೂ. 800ರಿಂದ 400ರವರೆಗೆ ಬಹುಮಟ್ಟಿಗೆ ಬಯಲಿನಂತೆ ಮಲಗಿದೆ. ಆ ಕಾಲದ ಮಾದರಿ ಎಷ್ಟೇ ಚೆನ್ನಾಗಿದ್ದರೂ, ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ, ಉತ್ತರ ನೂರಾರು ವರ್ಷ ಹರಡಿಕೊಳ್ಳುತ್ತದೆ. ದೋಷ ಯಂತ್ರದ್ದಲ್ಲ, ಆ ಕಾಲದ ಆಕಾಶದ್ದು.

ಈಗ ಮಾಲಿನ್ಯದ ಲೆಕ್ಕ. ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡಿದರೆ ಮರೆಯುವುದಿಲ್ಲ. ಕಚ್ಚಾ ವಯಸ್ಸು ಎಂದರೆ 8033ನ್ನು (5568ರ ಅರ್ಧಾಯುಷ್ಯದಿಂದ ಬಂದ ಸಂಖ್ಯೆ) ಉಳಿದ ಇಂಗಾಲ-14ರ ಅಂಶದ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ ಚಿಹ್ನೆ ಬದಲಿಸಿದ್ದು. ಒಂದು ಸಾವಿರ ವರ್ಷದ ಇದ್ದಿಲಿಗೆ ಶೇ. 1ರಷ್ಟು ಇಂದಿನ ಇಂಗಾಲ ಸೇರಿದರೆ ಅದು ಹತ್ತು ಹನ್ನೊಂದು ವರ್ಷ ಮಾತ್ರ ಎಳೆಯದಾಗಿ ಕಾಣುತ್ತದೆ, ದೋಷಮಿತಿಯೊಳಗೇ ಮುಚ್ಚಿಹೋಗುತ್ತದೆ. ಅದೇ ಶೇ. 1, ಇಂಗಾಲ-14 ಪೂರ್ತಿ ಮುಗಿದುಹೋದ ಲಕ್ಷಾಂತರ ವರ್ಷದ ಮಾದರಿಗೆ ಸೇರಿದರೆ? ವಯಸ್ಸು ಸುಮಾರು 37,000 ಎಂದು ಬರುತ್ತದೆ! ಉಲ್ಟಾ ನೋಡಿ: ಡಾಂಬರಿನಂಥ ಸತ್ತ ಇಂಗಾಲ ಶೇ. 1 ಸೇರಿದರೆ, ಮಾದರಿ ಎಷ್ಟೇ ಹಳೆಯದಿರಲಿ, ಹೆಚ್ಚಾಗುವುದು ಸುಮಾರು 80 ವರ್ಷ ಅಷ್ಟೆ. 30,000 ದಾಟಿದ ಹಳೆಯ ವರದಿಗಳನ್ನು ಅನುಮಾನದಿಂದ ನೋಡುವುದು ಇಂದಿನ ಇಂಗಾಲದ ಈ ಭಯಕ್ಕೇ.

ಮಾದರಿಯನ್ನು ಆಮ್ಲ, ಕ್ಷಾರ, ಮತ್ತೆ ಆಮ್ಲ ಎಂದು ಮೂರು ಸಲ ತೊಳೆಯುವುದೂ ಇದಕ್ಕಾಗಿ. ಮೊದಲ ಆಮ್ಲ ಮಣ್ಣಿನ ಕಾರ್ಬೊನೇಟನ್ನು ಕರಗಿಸುತ್ತದೆ. ಕ್ಷಾರ, ಕೊಳೆತ ಎಲೆ-ಬೇರುಗಳಿಂದ ಇಳಿದು ಬಂದ ಹ್ಯೂಮಿಕ್ ಆಮ್ಲವನ್ನು ತೆಗೆಯುತ್ತದೆ. ಕೊನೆಯ ಆಮ್ಲ ಯಾಕೆ ಎಂದು ವೈವಾದಲ್ಲಿ ಕೇಳಿದಾಗ ನಾನು ಉತ್ತರ ಗೊತ್ತಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಕ್ಷಾರ ತೊಳೆಯುತ್ತಿರುವಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಿರುತ್ತದೆ. ಅದನ್ನು ಓಡಿಸಲು ಮತ್ತೆ ಆಮ್ಲ.

ಇಷ್ಟೆಲ್ಲ ಸರಿಯಾಗಿದ್ದರೂ ನಮಗೆ ಸಿಗುವುದು ಆ ಇಂಗಾಲ ಜೀವಚಕ್ರದಿಂದ ಹೊರಬಿದ್ದ ಕಾಲ. ಮರದ ಒಳಗಿನ ಉಂಗುರ ಬೆಳೆದ ವರ್ಷವೇ ಗಾಳಿಯ ಜೊತೆ ಕೊಡುಕೊಳ್ಳುವಿಕೆ ನಿಲ್ಲಿಸಿರುತ್ತದೆ. ಮುನ್ನೂರು ವರ್ಷದ ಮರವನ್ನು ಕಡಿದು ಒಲೆಗೆ ಹಾಕಿದರೆ ನಡುಗಟ್ಟಿಗೆಯ ಇದ್ದಿಲು ಒಲೆಗಿಂತ ಮುನ್ನೂರು ವರ್ಷ ಹಳೆಯದು. ಒಂದೇ ಹಂಗಾಮಿನಲ್ಲಿ ಬೆಳೆದು ಸುಟ್ಟ ಕಾಳು ಸಿಕ್ಕರೆ ಇದ್ದಿಲನ್ನು ಬದಿಗಿಡಿ. ಇಂಗಾಲ-14ರ ಪರಮಾಣುಗಳನ್ನೇ ಎಣಿಸುವ ಎಎಂಎಸ್ ಯಂತ್ರ ಬಂದ ಮೇಲೆ ಒಂದು ಮಿಲಿಗ್ರಾಂ ಇಂಗಾಲವೂ ಸಾಕು, ಒಂದು ಕಾಳು ಸಾಕಾಗುತ್ತದೆ.

ಕಾಲ ಹೇಳುವ ಇನ್ನೊಂದು ವಿಧಾನವಾದ ಉಷ್ಣದೀಪ್ತಿಯ ವಿಷಯ ಚುಟುಕಾಗಿ: ಇಲ್ಲಿ ಗಡಿಯಾರ ಸೊನ್ನೆಗೆ ಬರುವುದು ಸಾವಿನಿಂದಲ್ಲ, ಬೆಂಕಿಯಿಂದ. ಮಡಕೆ ಬೆಂದಾಗ ಕ್ವಾರ್ಟ್ಜ್ ಹರಳಿನಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿ, ಆಮೇಲೆ ಸುತ್ತಲಿನ ವಿಕಿರಣದಿಂದ ಮತ್ತೆ ತುಂಬುತ್ತದೆ. ಓಎಸ್‌ಎಲ್‌ನಲ್ಲಿ ಅದೇ ಕೆಲಸವನ್ನು ಸೂರ್ಯನ ಬೆಳಕು ಮಾಡುತ್ತದೆ. ಒಟ್ಟು ಹೀರಿದ ವಿಕಿರಣವನ್ನು ವರ್ಷಕ್ಕೆ ಸಿಗುವ ವಿಕಿರಣದಿಂದ ಭಾಗಿಸಿದರೆ ವಯಸ್ಸು. ಭಾಜಕ ಇರುವುದು ಸುತ್ತಲಿನ ಮಣ್ಣಿನಲ್ಲೂ. ಚೂರನ್ನು ಮಾತ್ರ ತಂದು ಮಣ್ಣನ್ನು ಬಿಟ್ಟು ಬಂದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ.

ಲೋಹ: ಕಿಲುಬಿನ ಮೇಲಿನ ಓದು

ಕ್ಷ-ಕಿರಣ ಬಿಟ್ಟು ಧಾತುಗಳನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ವಿದ್ಯಾರ್ಥಿಗಳ ಅಚ್ಚುಮೆಚ್ಚು. ಗುರಿಯಿಟ್ಟು ಗುಂಡಿ ಒತ್ತಿದರೆ ನಿಮಿಷದೊಳಗೆ ತಾಮ್ರ ಇಷ್ಟು, ತವರ ಇಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಅಪಾಯವೂ ಅಲ್ಲೇ ಇದೆ. ಕ್ಷ-ಕಿರಣ ಲೋಹದಲ್ಲಿ ಓದಿ ತರುವುದು ಮೇಲ್ಮೈಯ ತೆಳು ಪದರವನ್ನು. ಮಣ್ಣಿನಲ್ಲಿ ಹೂತಿದ್ದ ಕಂಚಿನ ಮೇಲ್ಮೈಯಿಂದ ತಾಮ್ರ ಕರಗಿ ಹೋಗಿ ತವರ ಉಳಿಯುವುದು ಸಾಮಾನ್ಯ. ಕಿಲುಬಿನ ಮೇಲೆ ಅಳೆದು 'ಶೇ. 25 ತವರದ ಕಂಚು' ಎಂದು ಬರೆದರೆ ಅದು ಕಿಲುಬಿನ ವಿವರಣೆ, ಎರಕದವನು ಹಾಕಿದ ಪಾಕವಲ್ಲ.

ಇನ್ನೊಂದು ಬಲೆ ನನಗೆ ತುಂಬ ಇಷ್ಟ. ಒಂದೊಂದು ಧಾತುವೂ ನಕ್ಷೆಯಲ್ಲಿ ತನ್ನದೇ ಶಕ್ತಿಯಲ್ಲಿ ರೇಖೆ ಎಬ್ಬಿಸುತ್ತದೆ. ಆರ್ಸೆನಿಕ್‌ನ ಮುಖ್ಯ ರೇಖೆ 10.54 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ, ಸೀಸದ್ದು 10.55ರಲ್ಲಿ. ಯಂತ್ರಕ್ಕೆ ಇವೆರಡೂ ಒಂದೇ ಗುಡ್ಡ. ಆದರೆ ಆರ್ಸೆನಿಕ್ ಬೆರೆತ ತಾಮ್ರವೂ ಸೀಸ ಬೆರೆಸಿದ ಕಂಚೂ ಎರಡು ಬೇರೆ ತಂತ್ರಗಳು. ಹಾಗಾಗಿ ಪರದೆಯ ಶೇಕಡಾವಾರನ್ನು ನಂಬುವ ಮೊದಲು ನಕ್ಷೆಯನ್ನು ತೆರೆದು, 12.6ರ ಹತ್ತಿರ ಸೀಸದ ಎರಡನೇ ರೇಖೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಸೀಸವಲ್ಲ.

ಲೋಹ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅದರಲ್ಲಿರುವ ಅಲ್ಪ ಸೀಸದ ಐಸೋಟೋಪ್‌ಗಳು (ಅವುಗಳ ಪ್ರಮಾಣ ಅದಿರಿನಿಂದ ಅದಿರಿಗೆ ಬೇರೆ) ಉತ್ತರ ಕೊಡುತ್ತವೆ, ಲೋಹವನ್ನು ಕರಗಿಸಿ ಬೆರೆಸಿರದಿದ್ದರೆ. 1991ರಲ್ಲಿ ಆಲ್ಪ್ಸ್‌ನ ಹಿಮದಲ್ಲಿ ಸಿಕ್ಕ ಪ್ರಾಚೀನ ಮನುಷ್ಯನ ದೇಹ ಓಟ್ಜಿ, ಅವನ ಕೊಡಲಿ ಬಹುತೇಕ ಶುದ್ಧ ತಾಮ್ರದ್ದು. ಅದರ ಅದಿರು ಇಟಲಿಯ ದಕ್ಷಿಣ ಟಸ್ಕನಿಯದು ಎಂದು 2017ರಲ್ಲಿ ಗೊತ್ತಾಯಿತು. ನಾಲ್ಕು ಒಡೆದ ಪಾತ್ರೆಗಳನ್ನು ಒಟ್ಟಿಗೆ ಕರಗಿಸಿ ಮಾಡಿದ ಐದನೆಯದಕ್ಕೆ ಹೀಗೆ ಒಂದು ಊರು ಸಿಗುವುದಿಲ್ಲ. ಸಿಗುವುದು ನಾಲ್ಕರ ಸರಾಸರಿ. ಜ್ವಾಲಾಮುಖಿಯ ಗಾಜು ಅಬ್ಸಿಡಿಯನ್ ಇದಕ್ಕೆ ವಿರುದ್ಧ. ಅದನ್ನು ಯಾರೂ ಕರಗಿಸುವುದಿಲ್ಲ, ಚಕ್ಕೆ ಎಬ್ಬಿಸುತ್ತಾರೆ ಅಷ್ಟೆ. ಸಂಶೋಧಕರಾದ ಕ್ಯಾನ್ ಮತ್ತು ರೆನ್‌ಫ್ರೂ 1964ರಲ್ಲೇ ಸೂಕ್ಷ್ಮ ಪ್ರಮಾಣದ ಧಾತುಗಳಿಂದ ಅದರ ಮೂಲ ಹುಡುಕಲು ಸಾಧ್ಯವಾದದ್ದು ಈ ಕಾರಣಕ್ಕೆ.

ಮಡಕೆ: ಎರಡು ಸಾಕ್ಷಿ ಬೇಕು

ಎಕ್ಸ್‌ಆರ್‌ಎಫ್ ಧಾತುಗಳನ್ನು ಹೇಳುತ್ತದೆ, ಎಕ್ಸ್‌ಆರ್‌ಡಿ ಆ ಧಾತುಗಳು ಯಾವ ಹರಳಾಗಿ ಕೂಡಿವೆ ಎನ್ನುತ್ತದೆ. ಕ್ಯಾಲ್ಸಿಯಂ ಇದೆ ಎನ್ನುವುದು ಮೊದಲನೆಯದು, ಅದು ಕ್ಯಾಲ್ಸೈಟ್ ಆಗಿದೆ ಎನ್ನುವುದು ಎರಡನೆಯದು. ಕ್ಯಾಲ್ಸೈಟ್ ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಒಡೆದು ಸುಣ್ಣವಾಗುತ್ತದೆ. ಹಾಗಾದರೆ ಚೂರಿನಲ್ಲಿ ಕ್ಯಾಲ್ಸೈಟ್ ಇದ್ದರೆ ಆವಿಗೆಯ ಬಿಸಿ ಅಷ್ಟು ಏರಿರಲಿಲ್ಲ ಎನ್ನಬಹುದೇ? ನಾನು ಹಾಗೇ ಬರೆದು ಅಂಕ ಕಳೆದುಕೊಂಡೆ. ಹೂತುಹೋದ ಚೂರಿನ ರಂಧ್ರಗಳಲ್ಲಿ ಅಂತರ್ಜಲವೇ ಹೊಸ ಕ್ಯಾಲ್ಸೈಟನ್ನು ತುಂಬುತ್ತದೆ. ಬೆಂದು ಸುಣ್ಣವಾದದ್ದೂ ತೇವ ಮತ್ತು ಗಾಳಿ ತಾಗಿ ಮತ್ತೆ ಕ್ಯಾಲ್ಸೈಟ್ ಆಗಬಲ್ಲದು. ಎಕ್ಸ್‌ಆರ್‌ಡಿಗೆ ಈ ಮೂರೂ ಒಂದೇ.

ಬೇರ್ಪಡಿಸುವುದು ಸೂಕ್ಷ್ಮದರ್ಶಕ. ಚೂರಿನ ಸೀಳನ್ನು ಗಾಜಿಗೆ ಅಂಟಿಸಿ 0.03 ಮಿ.ಮೀ. ದಪ್ಪಕ್ಕೆ ಉಜ್ಜಬೇಕು. ದಪ್ಪ ಸರಿಯಾಯಿತೇ ಎಂದು ತಿಳಿಯಲು ಅಳತೆಪಟ್ಟಿ ಬೇಡ. ಅಡ್ಡ ಧ್ರುವೀಕರಿಸಿದ ಬೆಳಕಿನಲ್ಲಿ ಕ್ವಾರ್ಟ್ಜ್ ಹಳದಿ ಕಂಡರೆ ಇನ್ನೂ ಉಜ್ಜಿ, ಬೂದು-ಬಿಳಿಗೆ ತಿರುಗಿದರೆ ನಿಲ್ಲಿಸಿ. ಆಮೇಲೆ ನೋಡಿದರೆ ಕ್ಯಾಲ್ಸೈಟ್ ಜೇಡಿಯೊಳಗೆ ಕಾಳಾಗಿ ಕೂತಿದೆಯೋ, ರಂಧ್ರದ ಗೋಡೆಗೆ ಅಂಟಿ ಬೆಳೆದಿದೆಯೋ ಕಣ್ಣಿಗೇ ಕಾಣುತ್ತದೆ. ಕೋಟಿ ಬೆಲೆಯ ಯಂತ್ರಗಳ ನಡುವೆ ಈ ಹಳೆಯ ವಿಧಾನಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಎಂಬುದು ನನ್ನ ತಕರಾರು.

ಮೂಳೆ

ಮೂಳೆಯ ಪ್ರೋಟೀನ್ ಆದ ಕೊಲಾಜೆನ್‌ನಲ್ಲಿ ಇಂಗಾಲ-13 ಮತ್ತು ಸಾರಜನಕ-15 ಅಳೆದರೆ ಆಹಾರದ ಸುಳಿವು ಸಿಗುತ್ತದೆ. ಗಿಡಗಳು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿಯಲ್ಲಿ ಸಿ3, ಸಿ4 ಎಂದು ಎರಡು ಬಗೆ. ಗೋಧಿ, ಭತ್ತದಂಥ ಸಿ3 ಗಿಡಗಳ ಇಂಗಾಲದ ಮೌಲ್ಯ, ಒಂದು ಮಾನಕಕ್ಕೆ ಹೋಲಿಸಿದರೆ, ಸಾವಿರಕ್ಕೆ −26ರ ಆಸುಪಾಸು, ಜೋಳ, ಮೆಕ್ಕೆಜೋಳದಂಥ ಸಿ4 ಗಿಡಗಳದ್ದು −12ರ ಆಸುಪಾಸು. ಸಾರಜನಕದ ಮೌಲ್ಯ ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲಿಗೆ 3ರಿಂದ 5ರಷ್ಟು ಏರುತ್ತದೆ. ಸಮುದ್ರದ ಮೀನು ತಿಂದವರಿಗೂ ಇಂಗಾಲದ ಮೌಲ್ಯ ಸಿ4 ಕಡೆಗೆ ವಾಲುತ್ತದೆ. ಇವರಿಬ್ಬರನ್ನು ಬೇರೆ ಮಾಡುವುದು ಸಾರಜನಕ. ಇದಕ್ಕೆಲ್ಲ ಮೊದಲು ಕೊಲಾಜೆನ್ ಕೆಟ್ಟಿಲ್ಲ ಎಂದು ಖಚಿತವಾಗಬೇಕು: ಇಂಗಾಲ-ಸಾರಜನಕ ಪರಮಾಣುಗಳ ಅನುಪಾತ 2.9ರಿಂದ 3.6ರ ಒಳಗಿರಬೇಕು. ಹಲ್ಲಿನ ಎನಾಮೆಲ್ ಬಾಲ್ಯದಲ್ಲಿ ಕಟ್ಟಿಕೊಂಡು ಹಾಗೇ ಉಳಿಯುತ್ತದೆ, ಮೂಳೆ ಬದುಕಿನುದ್ದಕ್ಕೂ ಹೊಸದಾಗುತ್ತದೆ. ಹುಟ್ಟಿದ ನೆಲ ಹುಡುಕಲು, ಅಲ್ಲಿಯ ಮಣ್ಣು-ನೀರಿನಿಂದ ದೇಹ ಸೇರುವ ಸ್ಟ್ರಾನ್ಷಿಯಂ ಅಳೆಯುವುದು ಹಲ್ಲಿನಲ್ಲಿ, ಮೂಳೆಯಲ್ಲಲ್ಲ.

ಪ್ರಾಚೀನ ಡಿಎನ್‌ಎಗೆ ಬೇರೆಯೇ ಟಿಪ್ಪಣಿ ಬೇಕು. ಒಂದು ಸೊಗಸು ಮಾತ್ರ ಹೇಳಿಬಿಡುತ್ತೇನೆ: ಹಳೆಯ ಡಿಎನ್‌ಎ ತುಂಡುಗಳ ತುದಿಯಲ್ಲಿ ಸೈಟೋಸಿನ್ ಎಂಬ 'ಅಕ್ಷರ' ಕೆಟ್ಟು, ಓದುವಾಗ ಥೈಮಿನ್ ಎಂಬ ಬೇರೆ ಅಕ್ಷರದಂತೆ ಕಾಣುತ್ತದೆ. ಇಲ್ಲಿ ಹಾಳಾಗಿರುವುದೇ ಹಳತು ಎಂಬುದಕ್ಕೆ ಸಾಕ್ಷಿ. ತುದಿ ಚೊಕ್ಕಟವಾಗಿದ್ದರೆ ಅದು ನಮ್ಮದೇ ಡಿಎನ್‌ಎ ಇರಬಹುದು.

ಒಂದು ಅಭ್ಯಾಸ

ಕಡಲ ತೀರದ ಒಂದು ಗುಂಡಿ ಎಂದುಕೊಳ್ಳಿ. ಒಂದೇ ಸ್ತರದಲ್ಲಿ ಮೂರು ಮಾದರಿ: ದಪ್ಪ ಮರದ ಇದ್ದಿಲು 2410 ± 30 ಬಿಪಿ, ಮನುಷ್ಯನ ಮೂಳೆ 2350 ± 30, ಸುಟ್ಟ ಕಾಳು 2150 ± 30. ಗುಂಡಿ ಬಳಕೆಯಲ್ಲಿದ್ದದ್ದು ಯಾವಾಗ?

ಇದ್ದಿಲು ನಡುಗಟ್ಟಿಗೆಯದಾಗಿರಬಹುದು, ಅದನ್ನು ಮೇಲಿನ ಮಿತಿಯಾಗಿ ಮಾತ್ರ ಇಟ್ಟುಕೊಳ್ಳಿ. ಮೂಳೆಗೆ ಸಾರಜನಕದ ಮೌಲ್ಯ ನೋಡಿ. ಸಮುದ್ರದ ನೀರಿನಲ್ಲಿ ಹಳೆಯ ಇಂಗಾಲ ಬೆರೆತಿರುವುದರಿಂದ ಅಲ್ಲಿಯ ಜೀವಿಗಳು ಸುಮಾರು 400 ವರ್ಷ ಮುಪ್ಪಾಗಿ ಕಾಣುತ್ತವೆ. ಸಾರಜನಕ ಎತ್ತರದಲ್ಲಿದ್ದು ಆ ಮನುಷ್ಯ ತಿಂದದ್ದರಲ್ಲಿ ಅರ್ಧ ಕಡಲಿನದಾಗಿದ್ದರೆ, ಕಾಳಿಗೂ ಮೂಳೆಗೂ ಇರುವ 200 ವರ್ಷದ ಅಂತರ ಅಲ್ಲೇ ಕರಗಿಹೋಗುತ್ತದೆ. ಉಳಿಯುವುದು ಕಾಳು, ಅದನ್ನು ಕ್ಯಾಲಿಬ್ರೇಟ್ ಮಾಡಿ, ಸಿಕ್ಕ ವ್ಯಾಪ್ತಿಯನ್ನು ಪೂರ್ತಿ ಬರೆಯಿರಿ. ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ 2303 ಬಿಪಿ ಬರುತ್ತದೆ. ಆ ಉಂಗುರ ಬೆಳೆದದ್ದು ಆಗಲ್ಲ, ಕಾಳು ಕೊಯ್ದದ್ದು ಆಗಲ್ಲ, ಆ ಮನುಷ್ಯ ಸತ್ತದ್ದೂ ಆಗಲ್ಲ.